ಒಂದೇ ಯೂರೋ, ಎರಡು ಮನೆಯ ಬಿಲ್ಲು

2022ರ ಆಗಸ್ಟ್ 17. ಎಸ್ಟೋನಿಯಾದ ಟಾಲಿನ್‌ನಲ್ಲಿರುವ ನಮ್ಮ ಮನೆಯಲ್ಲಿ ರಾತ್ರಿಯ ಅನ್ನ, ಸಾರು ಮಧ್ಯಾಹ್ನವೇ ಆಗಿಹೋಗಿತ್ತು. ಸಂಜೆ ಆರರಿಂದ ಏಳರವರೆಗೆ ಸಗಟು ಮಾರುಕಟ್ಟೆಯಲ್ಲಿ ವಿದ್ಯುತ್ ಯೂನಿಟ್‌ಗೆ 4 ಯೂರೋ ಆಗಲಿದೆ ಎಂದು ಹಿಂದಿನ ದಿನವೇ ಗೊತ್ತಾಗಿತ್ತು. ಆ ಮಾರುಕಟ್ಟೆಯ ಜೊತೆ ಗಂಟೆಗಂಟೆಗೂ ಏರಿಳಿಯುವ ದರಕ್ಕೆ ನಾವು ಸಹಿ ಹಾಕಿದ್ದೆವು. ಆ ಒಂದು ಗಂಟೆ ಒಲೆಯನ್ನೂ ಮುಟ್ಟಲಿಲ್ಲ, ಬಟ್ಟೆ ಒಗೆಯುವ ಯಂತ್ರವನ್ನೂ ಮುಟ್ಟಲಿಲ್ಲ.

ಅದೇ ವಾರ ಫ್ರಾನ್ಸ್‌ನ ಲಿಯಾನ್‌ನಿಂದ ತಮ್ಮ ಫೋನ್ ಮಾಡಿದ. “ಅಕ್ಕಾ, ನಮ್ಮ ಕರೆಂಟ್ ಬಿಲ್ಲು ಅಷ್ಟೇನೂ ಏರಿಲ್ಲ ಕಣೇ” ಅಂದ. ಇಬ್ಬರ ಜೇಬಿನಲ್ಲೂ ಇರುವುದು ಅದೇ ಯೂರೋ. ಆದರೆ ಆ ತಿಂಗಳ ಚಿಲ್ಲರೆ ಹಣದುಬ್ಬರ ಎಸ್ಟೋನಿಯಾದಲ್ಲಿ ಶೇ 25.2, ಫ್ರಾನ್ಸ್‌ನಲ್ಲಿ ಶೇ 6.6.

ದೇಶಗಳನ್ನು ಹೀಗೆ ಹೋಲಿಸಲು ಯುರೋಪ್ ಒಕ್ಕೂಟದ ಅಂಕಿಅಂಶ ಕಚೇರಿ ‘ಯೂರೋಸ್ಟಾಟ್’ ಒಂದೇ ಅಳತೆಗೋಲು ಇಟ್ಟುಕೊಂಡಿದೆ. ಲೆಕ್ಕದ ವಿಧಾನ ಎಲ್ಲೆಡೆ ಒಂದೇ. ಮನೆಗಳು ಕೊಳ್ಳುವ ಸಾಮಾನು-ಸೇವೆಗಳ ಬುಟ್ಟಿಯಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದು ಮಾತ್ರ ಆಯಾ ದೇಶದ ಮನೆಖರ್ಚಿನಂತೆ. ಎಸ್ಟೋನಿಯಾದವರ ಮನೆಖರ್ಚಿನಲ್ಲಿ ಊಟ ಮತ್ತು ಇಂಧನಕ್ಕೆ ಹೋಗುವ ಪಾಲು ಫ್ರೆಂಚರಿಗಿಂತ ದೊಡ್ಡದು. ಉಕ್ರೇನ್ ಯುದ್ಧದಿಂದ ದುಬಾರಿಯಾದದ್ದೂ ಮುಖ್ಯವಾಗಿ ಅವೇ.

ಇನ್ನೊಂದು ಕಾರಣ ಸರ್ಕಾರದ್ದು. ಫ್ರಾನ್ಸ್ ಮನೆಬಳಕೆಯ ಅನಿಲದ ನಿಯಂತ್ರಿತ ದರವನ್ನು 2021ರ ಅಕ್ಟೋಬರ್ ಮಟ್ಟದಲ್ಲೇ ಹಿಡಿದಿಟ್ಟಿತು. 2022ರಲ್ಲಿ ವಿದ್ಯುತ್ತಿನ ನಿಯಂತ್ರಿತ ದರ ಶೇ 4ಕ್ಕಿಂತ ಹೆಚ್ಚು ಏರದಂತೆ ತಡೆಯಿತು. ತಮ್ಮನ ಮನೆಗೆ ಬರಬೇಕಿದ್ದ ಬಿಲ್ಲಿನ ಒಂದು ಪಾಲು ಬೊಕ್ಕಸದ ಮೇಲೆ ಬಿತ್ತು. ಅದನ್ನು ತೆರಿಗೆಯಾಗಿಯೋ ಸಾಲವಾಗಿಯೋ ಅವನ ದೇಶವೇ ತೀರಿಸಬೇಕು. ಹಣದುಬ್ಬರದ ಪಟ್ಟಿಯಲ್ಲಿ ಆ ಸಾಲ ಕಾಣುವುದಿಲ್ಲ.

ಬೆಲೆಯ ಬಿಸಿ ತಣಿಸಲು ಯುರೋಪಿನ ಕೇಂದ್ರ ಬ್ಯಾಂಕು 2022ರ ಜುಲೈಯಲ್ಲಿ, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ, ಬಡ್ಡಿ ಏರಿಸಿತ್ತು. ಯೂರೋ ಬಳಸುವ ದೇಶಗಳಿಗೆಲ್ಲ ಒಂದೇ ಮದ್ದು. ಆದರೆ ಎಸ್ಟೋನಿಯಾದ ಗೃಹಸಾಲಗಳಲ್ಲಿ ಹೆಚ್ಚಿನವು ಬದಲಾಗುವ ಬಡ್ಡಿಯವು. ಫ್ರಾನ್ಸ್‌ನಲ್ಲಿ ಹೆಚ್ಚಿನವು ಸ್ಥಿರ ಬಡ್ಡಿಯವು. ನಮ್ಮ ಕಂತು ಏರಿತು, ತಮ್ಮನ ಕಂತು ಇದ್ದಲ್ಲೇ ಉಳಿಯಿತು.

2023ರ ಡಿಸೆಂಬರ್ ಹೊತ್ತಿಗೆ ಎರಡೂ ದೇಶಗಳ ಹಣದುಬ್ಬರ ಶೇ 4ರ ಆಸುಪಾಸಿಗೆ ಬಂತು. ಪಟ್ಟಿ ನೋಡಿದವರಿಗೆ ಇಬ್ಬರೂ ಸರಿಸಮ ಎನಿಸಬಹುದು. ಅಲ್ಲ. ಹಣದುಬ್ಬರ ಇಳಿದರೆ ಬೆಲೆ ಏರುವ ವೇಗ ತಗ್ಗುತ್ತದೆ, ಏರಿದ ಬೆಲೆ ಅಲ್ಲೇ ಇರುತ್ತದೆ. 100 ಯೂರೋದ ಸಾಮಾನು ಮೊದಲು 125 ಆಗಿ, ಆಮೇಲೆ ಶೇ 4 ಏರಿದರೆ 130. ನಮ್ಮ ಕೆಳಮನೆಯ ಅಜ್ಜಿ ಆ ಚಳಿಗಾಲ ಒಂದು ಕೋಣೆಯ ಬಾಗಿಲು ಮುಚ್ಚಿ, ಇನ್ನೊಂದನ್ನಷ್ಟೇ ಬೆಚ್ಚಗಿಟ್ಟುಕೊಂಡರು. ಅವರು ಪಿಂಚಣಿ ಎಣಿಸುತ್ತಿದ್ದದ್ದು ಈ 130ರ ಲೆಕ್ಕಕ್ಕೆ, ಆ 4ರ ಲೆಕ್ಕಕ್ಕಲ್ಲ.