ಬ್ರಾಡ್‌ಬ್ಯಾಂಡ್ ತಂತಿಯಲ್ಲಿ ಭದ್ರಾವತಿ ಆಕಾಶವಾಣಿ

1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರ 675 ಕಿಲೋಹರ್ಟ್ಸ್‌ನಲ್ಲಿ ಎಂಬುದು ಶಿವಮೊಗ್ಗ ಸೀಮೆಯ ಹಳೇ ಕೇಳುಗರಿಗೆ ಬಾಯಿಪಾಠ. ಫೋನ್ ತಂತಿಯಲ್ಲಿ ಬರುವ ಬ್ರಾಡ್‌ಬ್ಯಾಂಡ್‌ಗೂ ಈ ಸಂಖ್ಯೆಗೂ ನಂಟಿದೆ. ಬಸ್ಸಿನ ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದ ಕಥೆ ಇದು.

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಕೊಡಲು ಹೊರಟಾಗ ಹೊಸ ತಂತಿ ಎಳೆಯಲಿಲ್ಲ. ಮಾತಿಗೆ 4 ಕಿಲೋಹರ್ಟ್ಸ್‌ನೊಳಗಿನ ಜಾಗ ಸಾಕು. ಅದರಾಚೆ ತಾಮ್ರದ ತಂತಿ ಖಾಲಿಯೇ ಬಿದ್ದಿತ್ತು. ಎಡಿಎಸ್‌ಎಲ್ 2 ಪ್ಲಸ್ ಎಂಬ ತಂತ್ರ ಸುಮಾರು 2,200 ಕಿಲೋಹರ್ಟ್ಸ್‌ವರೆಗಿನ ಹರವನ್ನು 4.3125 ಕಿಲೋಹರ್ಟ್ಸ್ ಅಂತರದ 512 ಪಟ್ಟಿಗಳಾಗಿ ಸೀಳುತ್ತದೆ. ಗದ್ದಲವಿಲ್ಲದ ಪಟ್ಟಿಗೆ ಹೆಚ್ಚು ಹೊರೆ, ಗದ್ದಲವಿದ್ದಲ್ಲಿ ಕಡಿಮೆ. ಲೆಕ್ಕ ಹಾಕಿ ನೋಡಿ, ಭದ್ರಾವತಿ ನಿಲಯ 156 ಮತ್ತು 157ನೆಯ ಪಟ್ಟಿಗಳ ನಡುವೆ ಬಂದು ಕೂರುತ್ತದೆ.

ಹಾಗಾದರೆ ದಿನವಿಡೀ ನೆಟ್ ಕೆಡಬೇಕಿತ್ತಲ್ಲ? ಕೆಡದಿರಲಿ ಎಂದೇ ಎರಡು ತಂತಿಗಳನ್ನು ಹುರಿ ಹೊಸೆದಿರುತ್ತಾರೆ. ರೇಡಿಯೊ ಅಲೆ ಎರಡರ ಮೇಲೂ ಸಮವಾಗಿ ಬೀಳುತ್ತದೆ, ಮೋಡೆಮ್ ಓದುವುದು ಅವೆರಡರ ವ್ಯತ್ಯಾಸವನ್ನು ಮಾತ್ರ. ಸಮ ಸಮ ಕಳೆದರೆ ಸೊನ್ನೆ. ಆದರೆ ಕಂಬದ ಮೇಲಿನ ಪೆಟ್ಟಿಗೆಯಲ್ಲೋ ನೆಲದಡಿಯ ಜಾಯಿಂಟ್‌ನಲ್ಲೋ ಒಂದು ತಂತಿಗೆ ಕಿಲುಬು ಹಿಡಿದರೆ ಈ ಸಮತೋಲ ತಪ್ಪುತ್ತದೆ. ಆಗ ರೇಡಿಯೊ ಒಳನುಗ್ಗುತ್ತದೆ. ಕಿಲುಬು ಹಿಡಿದ ಜಾಯಿಂಟ್ ಕೆಲವೊಮ್ಮೆ ಡಯೋಡ್‌ನಂತೆ ವರ್ತಿಸಿ, ರಿಸೀವರ್‌ನಲ್ಲಿ ಹಾಡು ಕೇಳಿಸುವುದೂ ಉಂಟು. ದೂರು ಆಕಾಶವಾಣಿಯ ಮೇಲಲ್ಲ, ಜಾಯಿಂಟ್ ಮೇಲೆ ಹೋಗಬೇಕು.

ಆದ್ದರಿಂದ ನೆಟ್ ಎಷ್ಟು ಸಲ ಹೋಯಿತು ಅನ್ನುವುದಕ್ಕಿಂತ ಯಾವಾಗ ಹೋಯಿತು ಅನ್ನುವುದು ಮುಖ್ಯ. ಮಳೆ ಬಂದ ಮೇಲೆ ಹೋಗಿ, ಬಿಸಿಲು ಬಿದ್ದ ಮೇಲೆ ಬಂದರೆ ಎಲ್ಲೋ ನೀರು ಇಳಿದಿದೆ. ಫೋನ್ ರಿಂಗಾದಾಗಲೇ ಹೋದರೆ ಮೊದಲು ಮಾತನ್ನೂ ನೆಟ್ಟನ್ನೂ ಬೇರ್ಪಡಿಸುವ ಸ್ಪ್ಲಿಟರ್ ಬದಲಿಸಿ. ಕತ್ತಲಾದ ಮೇಲೆ ಮಾತ್ರ ತೊಂದರೆಯೆ? ಹಗಲಲ್ಲಿ ವಾತಾವರಣದ ಕೆಳಗಿನ ಅಯಾನು ಪದರ ಮಧ್ಯಮ ತರಂಗಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ದೂರದೂರದ ನಿಲಯಗಳೂ ಮೇಲಿನ ಪದರಕ್ಕೆ ಬಡಿದು ನಮ್ಮ ತಂತಿಗೆ ಬೀಳುತ್ತವೆ. ಫೋನ್ ಎತ್ತಿದಾಗ ನೆಟ್ ಸರಿಹೋಗುವುದು ಎಲ್ಲಕ್ಕಿಂತ ಸೋಜಿಗ. ಫೋನ್ ಕೆಳಗಿಟ್ಟಿರುವಾಗ ತಂತಿಯಲ್ಲಿ 48 ವೋಲ್ಟ್ ಇದ್ದರೂ ಕರೆಂಟ್ ಹರಿಯುವುದಿಲ್ಲ. ಎತ್ತಿದೊಡನೆ ಹರಿದ ಕರೆಂಟ್ ಕಿಲುಬಿನ ಪೊರೆಯನ್ನು ಭೇದಿಸಿ ಜಾಯಿಂಟನ್ನು ತಾತ್ಕಾಲಿಕವಾಗಿ ಕೂಡಿಸುತ್ತದೆ.

ಬ್ರೌಸರ್‌ನಲ್ಲಿ 192.168.1.1 ಎಂದು ಹೊಡೆದರೆ ಬಹುತೇಕ ಮೋಡೆಮ್‌ಗಳ ಪುಟ ತೆರೆಯುತ್ತದೆ. ಅಲ್ಲಿ ಅಟೆನ್ಯುಯೇಶನ್ ಎಂಬ ಅಂಕಿ ಹೆಚ್ಚುಕಡಿಮೆ ತಂತಿಯ ಉದ್ದವನ್ನು ಹೇಳುತ್ತದೆ, ದಿನದಿನಕ್ಕೆ ಬದಲಾಗುವಂಥದ್ದಲ್ಲ. ನೋಡಬೇಕಾದದ್ದು ಎಸ್‌ಎನ್‌ಆರ್ ಮಾರ್ಜಿನ್, ಅಂದರೆ ಗದ್ದಲ ತಾಳಿಕೊಳ್ಳಲು ಉಳಿದಿರುವ ಅವಕಾಶ. 6 ಡೆಸಿಬೆಲ್‌ಗಿಂತ ಕೆಳಗಿಳಿದರೆ ಸಂಪರ್ಕ ತೂರಾಡಲು ಶುರು. ಮನೆಯೊಳಗಿನ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಕಿತ್ತು, ಲೈನು ಒಳಬರುವ ಜಾಗಕ್ಕೇ ಮೋಡೆಮ್ ಸಿಕ್ಕಿಸಿ. ಅಂಕಿ ಏರಿದರೆ ತಪ್ಪು ಮನೆಯೊಳಗಿನದು. ಏರದಿದ್ದರೆ ಫೋನ್ ಎತ್ತಿ, ಒಂದು ಅಂಕೆ ಒತ್ತಿ ಡಯಲ್ ಟೋನ್ ನಿಲ್ಲಿಸಿ ಕಿವಿಗೊಡಿ.

ಗರಗರ ಕೇಳಿಸಿದರೆ ಶಿವಮೊಗ್ಗದ ಕೋಟೆ ರಸ್ತೆಯಾಗಲಿ ಭದ್ರಾವತಿಯ ಹಳೇ ನಗರವಾಗಲಿ, ಲೈನ್‌ಮನ್‌ಗೆ ‘ನೆಟ್ ಸ್ಲೋ’ ಅನ್ನಬೇಡಿ. ‘ಮಳೆ ಬಂದ್ರೆ ಗರಗರ ಅನ್ನುತ್ತೆ, ಮಾರ್ಜಿನ್ 4ಕ್ಕೆ ಇಳಿಯುತ್ತೆ’ ಅನ್ನಿ. ಅವರು ಮೋಡೆಮ್ ಮುಟ್ಟದೆ ನೇರ ಕಂಬದ ಪೆಟ್ಟಿಗೆ ತೆರೆಯುತ್ತಾರೆ.