ತಗಡಿನ ಮನೆಗೆ ಹೊಳೆಯುವ ಹಾಳೆ ಬೇಕೇ?

ಹುಲಿಹೈದರದಂಥ ಬಿಸಿಲೂರಿನಲ್ಲಿ ಮಣ್ಣಿನ ಮಾಳಿಗೆ ನಿಧಾನವಾಗಿ ಕಾಯುತ್ತದೆ. ತಗಡಿನ ಸೂರು ಹೊತ್ತೇರುತ್ತಲೇ ಕಾದು ಕೆಳಗಿದ್ದವರ ಮೇಲೆ ಝಳ ಬಿಡುತ್ತದೆ. ಅಂಥ ಮನೆಗೆ ಅಲ್ಯೂಮಿನಿಯಂ ಹಾಳೆ ಹಾಕಿಸಬಹುದೇ? ಧಾರಾಳವಾಗಿ. ಅದು ಝಳವನ್ನು ತಡೆಯುತ್ತದೆ. ಆದರೆ ಹೊಳಪಿನ ಬದಿಗೆ ಒಂದಂಗುಲವಾದರೂ ಗಾಳಿಯ ತೆರಪಿರಬೇಕು. ಹೊಳಪು ಕೆಳಮುಖವಾಗಿದ್ದರೆ ಧೂಳು ಕೂರದು. ವಿದ್ಯುತ್ ತಂತಿಗೆ ತಾಗದಿರಲಿ.

ಹಣ ಸಾಲದಿದ್ದರೆ ಮೊದಲು ತಗಡಿನ ಮೇಲ್ಭಾಗಕ್ಕೆ ಬಿಳಿ ಬಣ್ಣ ಬಳಿಸಿ. ಬಿಸಿಲಿನ ಬಹುಪಾಲು ಒಳಗಿಳಿಯುವ ಮುನ್ನವೇ ಹಿಂದಿರುಗುತ್ತದೆ. ಕಾಂಕ್ರೀಟ್ ಚಾವಣಿಗೂ ಇದೇ ಲೇಸು.

ನೆನಪಿಡಿ, ಹಾಳೆ ಹಾಕಿದ ಮಾತ್ರಕ್ಕೆ ಮನೆ ತಂಪಾಗದು. ಮಧ್ಯಾಹ್ನ ಹಸುಗೂಸು, ಗರ್ಭಿಣಿ, ವಯಸ್ಸಾದವರನ್ನು ಮರದ ನೆರಳಿಗೆ ಕರೆತನ್ನಿ. ಯಾರದಾದರೂ ಮೈ ಸುಡುತ್ತಿದ್ದು, ಮಾತು ತಡಬಡಿಸಿದರೆ ಕೂಡಲೇ 108ಕ್ಕೆ ಕರೆಮಾಡಿ. ವಾಹನ ಬರುವವರೆಗೆ ಮೈಗೆ ನೀರು ಹಾಕಿ, ಗಾಳಿ ಬೀಸಿ.