ಚಂಡಮಾರುತದ ನಂತರದ ವಿಮಾ ಕ್ಲೇಮು: ವಕೀಲರ ಶುಲ್ಕದ ಲೆಕ್ಕಾಚಾರ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ವಿಮಾ ಕಂಪನಿಯ ವಿರುದ್ಧ ದಾವೆ ಹೂಡಿ ಗೆದ್ದ ಪಾಲಿಸಿದಾರನಿಗೆ ವಕೀಲರ ಶುಲ್ಕವನ್ನೂ ಕಂಪನಿಯೇ ತೆರಬೇಕೆಂಬ ನಿಯಮ ದೀರ್ಘಕಾಲ ಜಾರಿಯಲ್ಲಿತ್ತು. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತವು ಆ ರಾಜ್ಯದ ನೈಋತ್ಯ ಕರಾವಳಿಯನ್ನು ಅಪ್ಪಳಿಸಿದ ಕೆಲವೇ ತಿಂಗಳುಗಳಲ್ಲಿ, ಅಂದರೆ ಡಿಸೆಂಬರ್ 2022ರಲ್ಲಿ, ಶಾಸನಸಭೆಯು ಆಸ್ತಿ ವಿಮೆಯ ಮಟ್ಟಿಗೆ ಈ ನಿಯಮವನ್ನು ತೆಗೆದುಹಾಕಿತು. ತಿದ್ದುಪಡಿಯ ನಂತರ ನೀಡಲಾದ ಪಾಲಿಸಿಗಳಲ್ಲಿ, ದಾವೆ ಗೆದ್ದರೂ ವಕೀಲರ ಶುಲ್ಕ ಪಾಲಿಸಿದಾರನ ಜೇಬಿನಿಂದಲೇ ಹೋಗುತ್ತದೆ. ಹೀಗಾಗಿ ವಕೀಲರನ್ನು ನೇಮಿಸಿಕೊಳ್ಳಬೇಕೇ ಎಂಬುದು ಈಗ ಕಾನೂನಿನ ಪ್ರಶ್ನೆಯಾಗಿರುವಷ್ಟೇ ಲೆಕ್ಕದ ಪ್ರಶ್ನೆಯೂ ಆಗಿದೆ. ಅಲ್ಲಿ ಮನೆ ಅಥವಾ ವ್ಯಾಪಾರ ಮಳಿಗೆ ಹೊಂದಿರುವ ಕನ್ನಡಿಗರೂ ಇದನ್ನು ತಿಳಿದಿರುವುದು ಅವಶ್ಯ.

ಗಾಳಿಯೋ, ನೀರೋ?

ಅಮೆರಿಕದ ಸಾಮಾನ್ಯ ಗೃಹ ವಿಮಾ ಪಾಲಿಸಿಯು ಗಾಳಿಯಿಂದಾದ ಹಾನಿಯನ್ನು ಭರಿಸುತ್ತದೆ; ನೆರೆಯಿಂದಾದ ಹಾನಿಯನ್ನು ಭರಿಸುವುದಿಲ್ಲ. ನೆರೆಗೆ ಪ್ರತ್ಯೇಕ ಪಾಲಿಸಿ ಬೇಕು. 1968ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನೆರೆ ವಿಮಾ ಯೋಜನೆಯಡಿ ವಾಸದ ಮನೆಗೆ ದೊರೆಯುವ ಗರಿಷ್ಠ ಮಿತಿ ಕಟ್ಟಡಕ್ಕೆ 2,50,000 ಡಾಲರ್, ಒಳಗಿನ ವಸ್ತುಗಳಿಗೆ 1,00,000 ಡಾಲರ್. 2005ರ ಕತ್ರಿನಾ ಚಂಡಮಾರುತದ ನಂತರ, ಮನೆ ಬಿದ್ದದ್ದು ಗಾಳಿಯಿಂದಲೋ ನೀರಿನಿಂದಲೋ ಎಂಬ ವಿವಾದಗಳು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದವು. ನೀರು ಬರುವ ಮೊದಲೇ ಗಾಳಿಯಿಂದ ಆಗಿಹೋದ ಹಾನಿಗೆ, ನಂತರ ನೀರು ಎಷ್ಟೇ ನಾಶ ಮಾಡಿದ್ದರೂ, ಪರಿಹಾರ ಸಲ್ಲಬೇಕೆಂದು ಮಿಸಿಸಿಪ್ಪಿ ರಾಜ್ಯದ ಸುಪ್ರೀಂ ಕೋರ್ಟು 2009ರಲ್ಲಿ ತೀರ್ಪಿತ್ತಿತು. ಆದ್ದರಿಂದ ಯಾವ ಹಾನಿ ಯಾವಾಗ ಆಯಿತೆಂಬುದಕ್ಕೆ ಪುರಾವೆಯೇ ಕ್ಲೇಮಿನ ಜೀವಾಳ. ಚಾವಣಿ, ಕಿಟಕಿ ಹಾಗೂ ಗೋಡೆಯ ಮೇಲಿನ ನೀರಿನ ಗುರುತುಗಳ ಛಾಯಾಚಿತ್ರಗಳು, ದುರಸ್ತಿಯ ಬಿಲ್ಲುಗಳು, ಹವಾಮಾನ ಇಲಾಖೆಯ ದಾಖಲೆಗಳು ಇಲ್ಲದಿದ್ದಲ್ಲಿ ಸಮರ್ಥ ವಕೀಲರೂ ಹೆಚ್ಚೇನೂ ಮಾಡಲಾರರು.

ಅವಧಿ ಮೀರಬಾರದು

ಫ್ಲಾರಿಡಾದಲ್ಲಿ ಹಾನಿ ಸಂಭವಿಸಿದ 1 ವರ್ಷದೊಳಗೆ ಕಂಪನಿಗೆ ಕ್ಲೇಮಿನ ಸೂಚನೆ ನೀಡತಕ್ಕದ್ದು. 2022ರ ತಿದ್ದುಪಡಿಗೆ ಮೊದಲು ಈ ಅವಧಿ 2 ವರ್ಷವಿತ್ತು. ಅದೇ ಹಾನಿಗೆ ಸಂಬಂಧಿಸಿದ ಪೂರಕ ಕ್ಲೇಮಿಗೆ 18 ತಿಂಗಳ ಕಾಲಾವಕಾಶವಿದೆ. ಕಂಪನಿಯು ಸಾಮಾನ್ಯವಾಗಿ 60 ದಿನಗಳೊಳಗೆ ಹಣ ಪಾವತಿಸಬೇಕು ಅಥವಾ ಕ್ಲೇಮನ್ನು ನಿರಾಕರಿಸಬೇಕು. ಕೇಂದ್ರ ಸರ್ಕಾರದ ನೆರೆ ವಿಮೆಯಲ್ಲಾದರೋ ನಷ್ಟದ ಪ್ರಮಾಣಪತ್ರವನ್ನು, ಸರ್ಕಾರ ಅವಧಿ ವಿಸ್ತರಿಸದಿದ್ದರೆ, 60 ದಿನಗಳೊಳಗೆ ಸಲ್ಲಿಸಬೇಕು. ಲಿಖಿತ ನಿರಾಕರಣೆಯ ನಂತರ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲು 1 ವರ್ಷ ಮಾತ್ರ ಉಂಟು.

ದಾವೆಗೆ ಮುನ್ನ

ಕಂಪನಿಯು ಕಳುಹಿಸುವ ಹಾನಿ ಅಂದಾಜುಗಾರರು ಕಂಪನಿಯ ಪರವಾಗಿ ಕೆಲಸ ಮಾಡುತ್ತಾರೆ. ಪಾಲಿಸಿದಾರನ ಪರವಾಗಿ ಅಂದಾಜು ಮಾಡುವ, ಪರವಾನಗಿ ಪಡೆದ ಪಬ್ಲಿಕ್ ಅಡ್ಜಸ್ಟರ್‌ಗಳೂ ಅಲ್ಲಿದ್ದಾರೆ. ರಾಜ್ಯಪಾಲರು ತುರ್ತು ಪರಿಸ್ಥಿತಿ ಘೋಷಿಸಿದ ಚಂಡಮಾರುತದಲ್ಲಿ, ಮೊದಲ ವರ್ಷದೊಳಗಿನ ಕ್ಲೇಮುಗಳಿಗೆ ಇವರ ಶುಲ್ಕ ಶೇ. 10ನ್ನು ಮೀರುವಂತಿಲ್ಲ. ಮನೆಗಳ ಕ್ಲೇಮುಗಳಲ್ಲಿ ರಾಜ್ಯದ ಹಣಕಾಸು ಸೇವೆಗಳ ಇಲಾಖೆಯ ಮೂಲಕ ಮಧ್ಯಸ್ಥಿಕೆಯನ್ನೂ ಕೋರಬಹುದಾಗಿದೆ. ಅದರ ವೆಚ್ಚವನ್ನು ವಿಮಾ ಕಂಪನಿಯೇ ಭರಿಸುತ್ತದೆ. ಇವು ವಿಫಲವಾದಾಗ ಮಾತ್ರ ದಾವೆಯ ಯೋಚನೆ ಮಾಡುವುದು ಲೇಸು.

ಒಂದು ಉದಾಹರಣೆ

4,00,000 ಡಾಲರಿಗೆ ವಿಮೆ ಮಾಡಿಸಿದ ಮನೆಯೊಂದಕ್ಕೆ ಗಾಳಿಯಿಂದ 60,000 ಡಾಲರ್ ಹಾನಿಯಾಗಿದೆ ಎಂದಿಟ್ಟುಕೊಳ್ಳೋಣ. ಚಂಡಮಾರುತದ ಹಾನಿಯಲ್ಲಿ ಪಾಲಿಸಿದಾರನೇ ಭರಿಸಬೇಕಾದ ಭಾಗ ಶೇ. 2. ಇದನ್ನು ಹಾನಿಯ ಮೇಲಲ್ಲ, ಕಟ್ಟಡದ ವಿಮಾ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ಅಂದರೆ 8,000 ಡಾಲರ್ ಕಳೆದು ಸಲ್ಲಬೇಕಾದದ್ದು 52,000 ಡಾಲರ್. ಕಂಪನಿಯು 30,000 ಡಾಲರ್ ಮಾತ್ರ ಕೊಡಲು ಒಪ್ಪಿದೆ. ವಕೀಲರ ಮೂಲಕ ಹೋರಾಡಿ, ಕೊನೆಗೆ 40,000 ಡಾಲರಿಗೆ ರಾಜಿಯಾಗುತ್ತದೆ. ವಕೀಲರ ಶುಲ್ಕ ಮೂರನೇ ಒಂದು ಭಾಗ.

ಈ ಶುಲ್ಕವನ್ನು ಒಟ್ಟು ಮೊತ್ತದ ಮೇಲೆ ವಿಧಿಸಿದಲ್ಲಿ 13,333 ಡಾಲರ್ ಹೋಗಿ ಉಳಿಯುವುದು 26,667 ಡಾಲರ್. ಇದು ಕಂಪನಿ ಮೊದಲೇ ಕೊಡಲು ಒಪ್ಪಿದ್ದಕ್ಕಿಂತ 3,333 ಡಾಲರ್ ಕಡಿಮೆ! ಹೆಚ್ಚುವರಿಯಾಗಿ ಬಂದ 10,000 ಡಾಲರಿನ ಮೇಲೆ ಮಾತ್ರ ವಿಧಿಸಿದಲ್ಲಿ ಉಳಿಯುವುದು 36,667 ಡಾಲರ್. ಒಂದೇ ಹೋರಾಟ, ಒಂದೇ ಫಲ. ಕರಾರಿನ ಒಂದು ವಾಕ್ಯದಿಂದ 10,000 ಡಾಲರಿನ ವ್ಯತ್ಯಾಸ. ತಜ್ಞರ ವರದಿ ಹಾಗೂ ನ್ಯಾಯಾಲಯದ ವೆಚ್ಚಗಳನ್ನು ಯಾರು ಭರಿಸಬೇಕೆಂಬುದನ್ನೂ ಕರಾರಿನಲ್ಲಿ ಬರೆಸಿಕೊಳ್ಳತಕ್ಕದ್ದು. ವಿವಾದವಿಲ್ಲದ ಮೊತ್ತವನ್ನು ಸ್ವೀಕರಿಸುವಾಗ ಪೂರ್ಣ ಇತ್ಯರ್ಥವೆಂಬ ಒಕ್ಕಣೆಯಿರುವ ಪತ್ರಕ್ಕೆ ಓದದೆ ಸಹಿ ಹಾಕಬಾರದು.

ನಮ್ಮಲ್ಲಿ

ಭಾರತದಲ್ಲಿ ಏಪ್ರಿಲ್ 1, 2021ರಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯು ಚಂಡಮಾರುತ ಮತ್ತು ನೆರೆ ಎರಡನ್ನೂ ಒಳಗೊಂಡಿರುವುದರಿಂದ ಗಾಳಿ-ನೀರಿನ ವಿವಾದಕ್ಕೆ ಆಸ್ಪದ ಕಡಿಮೆ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಹೊಡೆತ ಕಂಡ ನಮ್ಮ ಕರಾವಳಿಗೂ ಉಳಿದ ಪಾಠಗಳು ಅನ್ವಯಿಸುತ್ತವೆ: ಹಾನಿಯ ಪುರಾವೆ ಸಂಗ್ರಹಿಸುವುದು, ಅವಧಿಯೊಳಗೆ ಸೂಚನೆ ನೀಡುವುದು, ಸಹಿ ಹಾಕುವ ಮೊದಲು ಓದುವುದು. ವಕೀಲರ ಬಳಿ ಹೋಗುವ ಪಾಲಿಸಿದಾರನು ಮೊದಲು ಕೇಳಬೇಕಾದದ್ದು ಎಷ್ಟು ಗೆಲ್ಲಬಹುದು ಎಂಬುದನ್ನಲ್ಲ, ಶುಲ್ಕವೆಲ್ಲ ಕಳೆದು ಕೈಗೆ ಎಷ್ಟು ಉಳಿದೀತು ಎಂಬುದನ್ನು.